ಒಂದಕ್ಷರದ ಧೈರ್ಯ

ರಾಯಚೂರು ಸೀಮೆಯನ್ನು ದಾಸರ ನಾಡು ಎಂದು ಕರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ರಾಯಚೂರಿನಿಂದ ಬಸ್ಸು ಹತ್ತಿ ಹೊರಟರೆ ಸಾಕು, ಯಾವುದಾದರೊಬ್ಬ ದಾಸರ ಊರು ಎದುರಾಗುತ್ತದೆ. ಮಾನವಿಯ ದಾರಿ ಹಿಡಿದರೆ ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಟ್, ಅವರು ಬಾಳಿದ ಮಾನವಿ. ದೇವದುರ್ಗದ ಕಡೆ ಹೊರಳಿದರೆ ಗೋಪಾಲದಾಸರು ಹುಟ್ಟಿದ ಮೊಸರಕಲ್ಲು. ಈ ಹೆಸರುಗಳನ್ನು ನಾವು ಹೆಣ್ಣುಮಕ್ಕಳು ಮೊದಲು ಪುಸ್ತಕದಿಂದ ಕಲಿತವರಲ್ಲ. ಆರಾಧನೆಯ ಅಡಿಗೆಗೆ ಕಾಯಿಪಲ್ಲೆ ಹೆಚ್ಚುತ್ತ, ಭಜನೆಯಲ್ಲಿ ತಾಳ ಹಾಕುತ್ತ ಕಲಿತವರು. ಆದ್ದರಿಂದಲೇ ಈ ದಾಸರ ಬಗ್ಗೆ ಹೇಳುವ ಕಥೆಗಳು ನಮಗೆ ಸಾಹಿತ್ಯ ಎಂದು ಅನಿಸುವುದಿಲ್ಲ, ಮನೆಯ ಹಿರಿಯರ ಸುದ್ದಿ ಎಂದೇ ಅನಿಸುತ್ತದೆ.

ಅವರ ಭಕ್ತಿಯ ಆಳವನ್ನು ಅಳೆಯುವ ಶಕ್ತಿ ನನಗಿಲ್ಲ, ಅದು ಈ ಲೇಖನದ ಉದ್ದೇಶವೂ ಅಲ್ಲ. ಈ ಬದುಕುಗಳ ಕಥೆಯನ್ನು ನಾವು ಹೇಗೆ ಹೇಳಿಕೊಂಡು ಬಂದಿದ್ದೇವೆ, ಹೇಳುವಾಗ ಯಾರಿಗೆ ಎಷ್ಟು ಜಾಗ ಕೊಟ್ಟಿದ್ದೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ವಿಜಯದಾಸರ (1682–1755) ಕಥೆಯನ್ನು ನೋಡಿ. ಬಡತನ ತಾಳಲಾರದೆ ದಾಸಪ್ಪನೆಂಬ ಹುಡುಗ ಮನೆ ಬಿಟ್ಟು ಹೋಗುತ್ತಾನೆ, ಕಾಶಿಯವರೆಗೂ ಅಲೆಯುತ್ತಾನೆ. ಅಲ್ಲಿ ಕನಸಿನಲ್ಲಿ ಪುರಂದರದಾಸರು ಬಂದು ಅವನಿಗೆ ‘ವಿಜಯವಿಠ್ಠಲ’ ಎಂಬ ಅಂಕಿತ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಎದ್ದವನು ಹಾಡತೊಡಗುತ್ತಾನೆ, ಮುಂದೆ ಜೀವಮಾನವಿಡೀ ಹಾಡುತ್ತಾನೆ. ಜಗನ್ನಾಥದಾಸರದು (1728–1809) ಇನ್ನೂ ಸ್ವಾರಸ್ಯವಾದದ್ದು. ಮೊದಲಿಗೆ ಅವರು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತ ಕುಣಿಯುವ ದಾಸರೆಂದರೆ ಅವರಿಗೆ ಸಸಾರ. ವಿಜಯದಾಸರು ಕರೆದರೂ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲವಂತೆ. ನೆಪವೇ ನಿಜವಾಯಿತು. ಯಾವ ಔಷಧಕ್ಕೂ ಬಗ್ಗದ ಆ ನೋವು ಕಡೆಗೆ ಅವರನ್ನು ವಿಜಯದಾಸರ ಬಳಿಗೆ, ಅವರ ಮಾತಿನಂತೆ ಗೋಪಾಲದಾಸರ ಬಳಿಗೆ ಕರೆತಂದಿತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ. ಆ ವರ್ಷಗಳಲ್ಲಿ, ತಾವು ಹಗುರವಾಗಿ ಕಂಡಿದ್ದ ಕನ್ನಡದಲ್ಲೇ, ಅವರು ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದರು.

ಈ ಎರಡು ಕಥೆಗಳಲ್ಲೂ ಒಂದು ಸಮಾನ ಅಂಶವಿದೆ. ಇಬ್ಬರೂ ತಮಗೆ ಗೊತ್ತಿದ್ದ ನೆಲೆಯನ್ನು ಬಿಟ್ಟವರು. ಒಬ್ಬರು ಹರೆಯದಲ್ಲಿ ಊರು ಬಿಟ್ಟರು, ಇನ್ನೊಬ್ಬರು ಹೆಸರು ಕಟ್ಟಿಕೊಂಡ ಮೇಲೆ ಪಾಂಡಿತ್ಯದ ಗದ್ದುಗೆ ಬಿಟ್ಟರು. ಒಬ್ಬರ ಕನಸು ಅಂಕಿತವಾಯಿತು, ಇನ್ನೊಬ್ಬರ ಕಾಯಿಲೆ ಕಾವ್ಯವಾಯಿತು. ನಾವು ಇದನ್ನು ಅನುಗ್ರಹವೆಂದು ಕರೆಯುತ್ತೇವೆ, ಕರೆಯಬೇಕಾದದ್ದೇ. ಆದರೆ ಇಂಥದೇ ಹಂಬಲ ಒಬ್ಬ ಹೆಣ್ಣಿನಲ್ಲಿ ಹುಟ್ಟಿದಾಗ ನಮ್ಮ ಚರಿತ್ರೆಕಾರರು ಅದನ್ನು ಏನೆಂದು ಕರೆದರು?

ಇಲ್ಲಿ ಹೆಳವನಕಟ್ಟೆ ಗಿರಿಯಮ್ಮನನ್ನು ನೆನೆಯಬೇಕು. ಆಕೆ ನಮ್ಮ ಸೀಮೆಯವಳಲ್ಲ. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೆಬೆನ್ನೂರಿಗೆ ಸೊಸೆಯಾಗಿ ಬಂದವಳು, 18ನೇ ಶತಮಾನದವಳು. ಮಲೆಬೆನ್ನೂರಿನ ಹತ್ತಿರ ಕೆರೆಯ ಬದಿಯಲ್ಲಿರುವ ಹೆಳವನಕಟ್ಟೆ ರಂಗನಾಥನ ಗುಡಿಯೇ ಆಕೆಗೆ ಹೆಸರನ್ನೂ ಅಂಕಿತವನ್ನೂ ಕೊಟ್ಟಿತು. ಆದರೆ ಆಕೆಯ ಗುರು ನಮ್ಮವರು. ಮೊಸರಕಲ್ಲಿನಲ್ಲಿ ಹುಟ್ಟಿದ ಅದೇ ಗೋಪಾಲದಾಸರು ಆಕೆಗೆ ಗುರುವಾದರೆಂದು ಪರಂಪರೆ ಹೇಳುತ್ತದೆ. ಮಾನವಿಯ ಪಂಡಿತರಿಗೆ 40 ವರ್ಷ ಕೊಟ್ಟ ಕೈಯೇ ಮಲೆಬೆನ್ನೂರಿನ ಸೊಸೆಯ ತಲೆಯ ಮೇಲೂ ಇತ್ತು. ನಾನು ಓದಿದ ಪುಸ್ತಕಗಳಲ್ಲಿ ಆ 40 ವರ್ಷಗಳ ಕಥೆಗೆ ಪುಟಗಟ್ಟಲೆ ಜಾಗವಿದೆ, ಗಿರಿಯಮ್ಮನಿಗೆ ದೊರೆತ ಆಶ್ರಯಕ್ಕೆ ಒಂದೆರಡು ಸಾಲು ಮಾತ್ರ ಇದೆ.

ಆ ಒಂದೆರಡು ಸಾಲಿನಲ್ಲಿಯೂ ಆಕೆಯನ್ನು ‘ಮಹಾಭಕ್ತೆ’, ‘ಸಾಧ್ವಿ’, ‘ಸಂಸಾರದಲ್ಲಿ ವಿರಕ್ತಳು’ ಎನ್ನುತ್ತಾರೆ. ಆಕೆಗೆ ಸಂಸಾರ ಬೇಡವಾಗಿತ್ತು ಎಂಬುದನ್ನೇ ಎಲ್ಲರೂ ಒತ್ತಿ ಹೇಳುತ್ತಾರೆ. ಆಕೆಗೆ ಏನು ಬೇಕಾಗಿತ್ತು ಎಂದು ಕೇಳಿದವರು ಕಡಿಮೆ. ಆಕೆ ಬರೆದದ್ದನ್ನು ನೋಡಿದರೆ ಉತ್ತರ ಅಲ್ಲೇ ಇದೆ. ಬಿಡಿ ಕೀರ್ತನೆಗಳಷ್ಟೇ ಅಲ್ಲ, ‘ಚಂದ್ರಹಾಸನ ಕಥೆ’, ‘ಸೀತಾಕಲ್ಯಾಣ’, ‘ಉದ್ದಾಲಿಕನ ಕಥೆ’ಯಂಥ ದೊಡ್ಡ ದೊಡ್ಡ ಹಾಡುಗಥೆಗಳನ್ನು ಆಕೆ ಕಟ್ಟಿದಳು. ಎಲ್ಲದರಲ್ಲೂ ವಿರಕ್ತಳಾದವಳಿಗೆ ಕಥೆ ಹೇಳುವ ಇಷ್ಟು ಉಮೇದು ಎಲ್ಲಿಂದ ಬರಬೇಕು? ಆಕೆಗೆ ಹಾಡು ಕಟ್ಟಬೇಕಾಗಿತ್ತು, ಅದಕ್ಕೆ ಬೇಕಾದ ಹೊತ್ತು ಬೇಕಾಗಿತ್ತು. ದೇವರು ಬೇಕು ಎನ್ನುವುದನ್ನು ಅಂದಿನ ಸಮಾಜ ಹೆಣ್ಣಿಗೆ ಹೇಗೋ ಒಪ್ಪಿತು. ಬರೆಯಬೇಕು ಎನ್ನುವುದನ್ನು ಆಕೆ ಬಹುಶಃ ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ.

ಗಿರಿಯಮ್ಮ ತನ್ನ ಗಂಡ ತಿಪ್ಪರಸನಿಗೆ ತಾನೇ ಇನ್ನೊಂದು ಮದುವೆ ಮಾಡಿಸಿದಳು ಎಂಬ ಕಥೆಯೂ ಇದೆ. ಇದನ್ನು ಆಕೆಯ ತ್ಯಾಗಕ್ಕೆ ನಿದರ್ಶನವೆಂದು ಹೇಳುತ್ತಾರೆ. ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಎರಡನೆಯ ಹೆಂಡತಿ. ಗಿರಿಯಮ್ಮ ಗುಡಿಯ ಕಟ್ಟೆಯ ಮೇಲೆ ಕುಳಿತು ಚಂದ್ರಹಾಸನ ಕಥೆ ಕಟ್ಟುವಾಗ ಮನೆಯಲ್ಲಿ ನೀರು ಸೇದಿದವಳು, ಒಲೆ ಊದಿದವಳು ಆಕೆಯೇ ತಾನೇ? ಆಕೆಯ ಹೆಸರು ಯಾರ ಬಾಯಲ್ಲೂ ಇಲ್ಲ. ಒಬ್ಬಳ ಹಂಬಲ ನೆರವೇರಬೇಕಾದರೆ ಇನ್ನೊಬ್ಬಳ ಬೆನ್ನು ಬಾಗಬೇಕು ಎಂಬ ಲೆಕ್ಕ ಅಂದಿನದು ಮಾತ್ರವಲ್ಲ. ಇಂದು ರಾಯಚೂರಿನಲ್ಲಿ ನೌಕರಿ ಮಾಡುವ, ಬರೆಯುವ, ಸಭೆಗೆ ಹೋಗುವ ನಮ್ಮಂಥವರ ಮನೆಗಳಲ್ಲಿಯೂ ಒಬ್ಬ ಅತ್ತೆಯೋ, ಒಬ್ಬ ಕೆಲಸದಾಕೆಯೋ ಆ ಜಾಗದಲ್ಲಿ ನಿಂತಿರುತ್ತಾಳೆ. ಇದನ್ನು ಹೇಳುವುದರಿಂದ ಗಿರಿಯಮ್ಮನ ಹಿರಿಮೆ ಕಡಿಮೆಯಾಗುವುದಿಲ್ಲ. ಹೇಳದಿದ್ದರೆ ಮಾತ್ರ ಆಕೆಯ ಕಥೆ ಅರ್ಧವಾಗುತ್ತದೆ.

ಈಗ ಆಕೆ ಆರಿಸಿಕೊಂಡ ಕಥೆಗಳಿಗೆ ಬರೋಣ. ಉದ್ದಾಲಿಕನ ಕಥೆ ಮತ್ತು ಚಂದ್ರಹಾಸನ ಕಥೆ, ಎರಡೂ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವಂಥವು, ಕನ್ನಡಿಗರಿಗೆ ಹೊಸವಲ್ಲ. ಆದರೆ ಅಷ್ಟೊಂದು ಕಥೆಗಳ ನಡುವೆ ಈ ಎರಡನ್ನು ಒಬ್ಬ ಹೆಣ್ಣುಮಗಳು ಹೆಕ್ಕಿ ತೆಗೆದಳು ಎಂಬುದನ್ನು ಗಮನಿಸಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಹೊಸದೊಂದು ಅರ್ಥ ಹೊಳೆಯುತ್ತದೆ.

ಉದ್ದಾಲಕ ಮುನಿಯ ಹೆಂಡತಿ ಚಂಡಿ. ಗಂಡ ಏನು ಹೇಳಿದರೂ ಅದಕ್ಕೆ ತಿರುಗಾಮುರುಗಾ ಮಾಡುವುದು ಅವಳ ಸ್ವಭಾವ. ಬೇಕು ಎಂದರೆ ಬೇಡ, ಬೇಡ ಎಂದರೆ ಬೇಕು. ಮುನಿ ಒಂದು ಉಪಾಯ ಕಲಿತ. ತನಗೆ ಬೇಕಾದ್ದರ ವಿರುದ್ಧವನ್ನೇ ಹೇಳಿ ಕೆಲಸ ಮಾಡಿಸಿಕೊಳ್ಳತೊಡಗಿದ. ತಂದೆಯ ಶ್ರಾದ್ಧದ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಕಡೆಗೆ ಮೈಮರೆತು, ಪಿಂಡವನ್ನು ನೀರಿಗೆ ಬಿಡು ಎಂದು ನೇರವಾಗಿ ಹೇಳಿಬಿಟ್ಟ. ಅವಳು ತಿಪ್ಪೆಗೆ ಎಸೆದಳು. ಮುನಿ ಕೋಪದಿಂದ ಅವಳನ್ನು ಕಲ್ಲಾಗು ಎಂದು ಶಪಿಸಿದ. ಮುಂದೆ ಅರ್ಜುನನ ಕೈ ಸೋಕುವವರೆಗೆ ಅವಳು ಕಲ್ಲಾಗಿಯೇ ಬಿದ್ದಿದ್ದಳು.

ಹೆಂಗಸರ ನಡುವೆ ಈ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ. ನಗುವಿನಲ್ಲಿ ಸ್ವಲ್ಪ ಖುಷಿಯೂ ಇರುತ್ತದೆ, ಯಾಕೆಂದರೆ ‘ಇಲ್ಲ’ ಎನ್ನಬೇಕೆಂದು ಅನಿಸದ ಹೆಂಗಸು ಯಾರಿದ್ದಾರೆ? ಇತ್ತೀಚಿನ ಸ್ತ್ರೀವಾದಿ ಓದುಗಳು ಚಂಡಿಯನ್ನು ಪ್ರತಿಭಟನೆಯ ಸಂಕೇತವೆಂದು ನೋಡಲು ಬಯಸಬಹುದು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಚಂಡಿಗೆ ತನ್ನದೆಂಬ ಒಂದು ಆಸೆಯೂ ಇಲ್ಲ. ಗಂಡನ ಮಾತೇ ಅವಳ ದಿನಚರಿಯನ್ನು ನಿರ್ಧರಿಸುತ್ತದೆ, ತಲೆಕೆಳಗಾಗಿ ಅಷ್ಟೆ. ಅದಕ್ಕೇ ಮುನಿ ಅವಳನ್ನು ಅಷ್ಟು ಸುಲಭವಾಗಿ ಆಡಿಸಬಲ್ಲ. ಬರೀ ‘ಇಲ್ಲ’ ಎನ್ನುತ್ತ ಆಯುಷ್ಯ ಕಳೆದವಳು, ಬರೀ ‘ಹೂಂ’ ಎನ್ನುತ್ತ ಆಯುಷ್ಯ ಕಳೆದವಳು, ಇಬ್ಬರೂ ಒಂದೇ ಅಂಗಳದಲ್ಲಿ ಉಳಿದುಬಿಡುತ್ತಾರೆ. ಕಲ್ಲಾಗುವುದಕ್ಕೆ ಮುನಿಯ ಶಾಪವೇ ಬೇಕೆಂದಿಲ್ಲ.

ಚಂದ್ರಹಾಸನ ಕಥೆಯಲ್ಲಿ ಬರುವ ವಿಷಯೆ ಬೇರೆ ರೀತಿಯವಳು. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನನ್ನು ಕೊಲ್ಲಿಸಲು ತನ್ನ ಮಗ ಮದನನಿಗೆ ಕಾಗದ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಬಂದವನಿಗೆ ವಿಷ ಕೊಡು ಎಂಬುದು ಅದರ ಒಕ್ಕಣೆ. ದಾರಿ ನಡೆದು ದಣಿದ ಹುಡುಗ ತೋಟದಲ್ಲಿ ಮಾವಿನ ಮರದ ಕೆಳಗೆ ಮಲಗಿದ್ದಾನೆ. ಮಂತ್ರಿಯ ಮಗಳು ವಿಷಯೆ ಅವನನ್ನು ನೋಡುತ್ತಾಳೆ, ಮನಸೋಲುತ್ತಾಳೆ, ಕಾಗದ ಬಿಚ್ಚಿ ಓದುತ್ತಾಳೆ. ಬರೆದದ್ದು ತನ್ನ ತಂದೆ ಎಂದು ಅವಳಿಗೆ ಗೊತ್ತು. ಅವಳು ಕೂಗಲಿಲ್ಲ, ಓಡಲಿಲ್ಲ. ‘ವಿಷ’ ಎಂದಿದ್ದುದನ್ನು ‘ವಿಷಯೆ’ ಎಂದು ತಿದ್ದಿದಳು. ಕಣ್ಣಿನ ಕಾಡಿಗೆಯಿಂದ ತಿದ್ದಿದಳೆಂದು ಕೆಲವರು ಹೇಳುತ್ತಾರೆ, ಮಾವಿನ ಮರದ ಅಂಟಿನಿಂದ ಎಂದು ಕೆಲವರು. ಎರಡೂ ಅವಳ ಕೈಗೆಟುಕುವ ಸಾಮಾನುಗಳೇ. ಅಣ್ಣ ಕಾಗದ ಓದಿ ಮದುವೆ ಮಾಡಿಬಿಟ್ಟ.

ಈ ಪ್ರಸಂಗವನ್ನು ಚಂದ್ರಹಾಸನ ಅದೃಷ್ಟವೆಂದೂ ಹರಿಯ ಕೃಪೆಯೆಂದೂ ವ್ಯಾಖ್ಯಾನಿಸುತ್ತಾರೆ. ಆದರೆ ಆ ಗಳಿಗೆಯಲ್ಲಿ ಚಂದ್ರಹಾಸ ನಿದ್ದೆಯಲ್ಲಿದ್ದಾನೆ. ಎಚ್ಚರವಿದ್ದವಳು ವಿಷಯೆ. ಅವಳಿಗೆ ಓದಲು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಬರೆಯಲು ಬರುತ್ತಿತ್ತು. ಇನ್ನೊಬ್ಬರು ಬರೆದಿಟ್ಟ ವಾಕ್ಯದಲ್ಲಿ ತನ್ನ ಹೆಸರಿಗೆ ಎಡೆ ಇದೆ ಎಂದು ಕಂಡುಕೊಂಡಳು. ಅಂಥವಳ ಕಥೆಯನ್ನು ಗಿರಿಯಮ್ಮ ಹಾಡಿದಳೆಂದರೆ ಅದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಪರಂಪರೆ ಕೊಟ್ಟ ಕಥೆಯ ಒಳಗೇ ಕುಳಿತು ತನ್ನ ಅಕ್ಷರ ಸೇರಿಸಿದವಳು ಆಕೆಯೂ ಹೌದು.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳನ್ನೂ ನೋಡಬೇಕು. ವಿಷಯೆಯ ಕನಸು ಕೊನೆಗೆ ಮದುವೆಗೇ ಬಂದು ನಿಂತಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಿಷಯೆಯ ಧೈರ್ಯಕ್ಕೆ ಬೆಲೆ ತೆತ್ತವರು ಬೇರೆಯವರು. ಕಾಗದದ ಉಪಾಯ ತಪ್ಪಿದ ಮೇಲೆ ದುಷ್ಟಬುದ್ಧಿ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ನಿಲ್ಲಿಸಿ ಅಳಿಯನನ್ನು ಅಲ್ಲಿಗೆ ಕಳಿಸುತ್ತಾನೆ. ಅವನ ಬದಲು ಹೋದ ಮದನ ಕತ್ತಿಗೆ ಬಲಿಯಾಗುತ್ತಾನೆ. ಮಗನ ಹೆಣ ಕಂಡು ತಂದೆಯೂ ಪ್ರಾಣ ಬಿಡುತ್ತಾನೆ. ಕಡೆಯಲ್ಲಿ ಚಂದ್ರಹಾಸನ ಪ್ರಾರ್ಥನೆಯಿಂದ ಇಬ್ಬರೂ ಬದುಕುತ್ತಾರೆ, ಅದು ಕಥೆಯ ಔದಾರ್ಯ. ನಿಜ ಜೀವನದಲ್ಲಿ ಹಾಗೆ ಯಾರೂ ಎದ್ದು ಬರುವುದಿಲ್ಲ. ಆದ್ದರಿಂದ ಹಂಬಲದ ಹಿಂದೆ ಹೋದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ನಾನು ಹೇಳಲಾರೆ. ತಿದ್ದದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಆ ಕಾಗದದಲ್ಲಿ ಇದ್ದದ್ದು ವಿಷ. ತನ್ನ ಪಾಡಿಗೆ ತಾನು ಹೂ ಬಿಡಿಸಿಕೊಂಡು ಮನೆಗೆ ಹೋಗಿದ್ದರೆ ವಿಷಯೆಗೆ ಅಪಾಯವಿರಲಿಲ್ಲ, ಹೌದು. ಆದರೆ ಜೀವಮಾನವಿಡೀ ಆ ತೋಟದ ಕಡೆ ತಲೆ ಎತ್ತಿ ನೋಡಲು ಅವಳಿಂದ ಆಗುತ್ತಿತ್ತೇ?

ಸುರಕ್ಷಿತವಾಗಿ ಉಳಿಯುವುದರ ಬೆಲೆ ಏನೆಂದು ನಾನು ಪುಸ್ತಕದಿಂದ ತಿಳಿದುಕೊಂಡಿಲ್ಲ. ದೇವದುರ್ಗದಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರ ಹಾಡಿನ ನೋಟುಬುಕ್ಕು ನಮ್ಮ ಬಳಗದಲ್ಲಿ ಹೆಸರಾದದ್ದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ಗಿರಿಯಮ್ಮನದು, ಹರಪನಹಳ್ಳಿ ಭೀಮವ್ವನದು, ಗಲಗಲಿ ಅವ್ವನ ಮುಯ್ಯದ ಹಾಡು, ಎಲ್ಲವನ್ನೂ ಗುಂಡಗುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಒಮ್ಮೆ ನಾನು ಅದನ್ನು ನಕಲು ಮಾಡಿಕೊಳ್ಳಲು ಕುಳಿತಾಗ ಕೊನೆಯ ಹಾಳೆಗಳಲ್ಲಿ ಏಳೆಂಟು ಹಾಡುಗಳು ಕಂಡವು. ಎಲ್ಲಿಯೂ ಕೇಳಿದ ಹಾಡುಗಳಲ್ಲ, ಒಂದಕ್ಕೂ ಅಂಕಿತವಿಲ್ಲ. ಅವುಗಳಲ್ಲಿ ಒಂದು ರುಕ್ಮಿಣಿಯನ್ನು ಕುರಿತದ್ದು. ಕೃಷ್ಣನಿಗೆ ಓಲೆ ಬರೆದ ರುಕ್ಮಿಣಿಯನ್ನು ಆ ಹಾಡು ಪ್ರಶ್ನೆ ಕೇಳುತ್ತದೆ. ಅಣ್ಣ ಮನೆಯಲ್ಲಿದ್ದಾಗ ನಿನಗೆ ಓಲೆ ತಂದುಕೊಟ್ಟವರು ಯಾರು, ನೀನು ಬರೆದು ಮುಗಿಸುವವರೆಗೆ ದೀಪ ಹಿಡಿದವರು ಯಾರು, ಬರೆಯುವಾಗ ಕೈ ನಡುಗಲಿಲ್ಲವೇನು ಎಂದು.

‘ಅತ್ಯಾ, ಇವು ಯಾರ ಹಾಡು?’ ಎಂದೆ.

‘ಯಾರವರೆ ಇರವಲ್ಲವ್ಯಾಕ. ಬರಕೋ ನೀ.’

‘ಅಂಕಿತನ ಇಲ್ಲಲ್ಲ?’

ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅಂಕಿತ ಕೊಡ್ಲಿಕ್ಕೆ ನನಗ್ಯಾವ ಗುರು ಬಂದಿದ್ರವ್ವಾ? ನನ್ನ ಹೆಸರು ಹಾಕಿದ್ರ ಮಂದಿ ನಗ್ತಿದ್ರು. ಹೆಸರಿಲ್ಲದ ಹಾಡಾದ್ರ ಯಾರೂ ಏನೂ ಕೇಳಂಗಿಲ್ಲ’ ಎಂದರು.

ದಾಸ ಸಾಹಿತ್ಯದಲ್ಲಿ ಅಂಕಿತವೆಂದರೆ ಬರೀ ಸಹಿ ಅಲ್ಲ, ಗುರು ಕೊಡುವ ಅಪ್ಪಣೆ. ಆ ವ್ಯವಸ್ಥೆಯಿಂದ ಪರಂಪರೆಗೆ ಶಿಸ್ತು ಬಂತು, ಹಾಡುಗಳು ಯಾರವೆಂದು ಗುರುತಿಸುವುದು ಸುಲಭವಾಯಿತು. ಆದರೆ ಅಪ್ಪಣೆ ಸಿಗದ ಹೆಂಗಸರ ಹಾಡುಗಳು ಏನಾದವು? ಅವು ಉಳಿದವು, ಕಟ್ಟಿದವರು ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಮಾನವಿಯ ಒಂದು ಮದುವೆಯಲ್ಲಿ ಅದೇ ರುಕ್ಮಿಣಿಯ ಹಾಡನ್ನು ಹೆಂಗಸರು ಹಾಡಿದರು. ಯಾರ ಹಾಡೆಂದು ಕೇಳಿದರೆ, ‘ಗಿರಿಯಮ್ಮಂದಿರಬೇಕ್ರೀ’ ಎಂದರು. ಅಲ್ಲ, ದೇವದುರ್ಗದ ನಮ್ಮ ಅತ್ತೆಯದು ಎಂದು ನಾನು ಹೆಸರು ಹಿಡಿದು ಹೇಳಿದೆ. ಯಾರೂ ನಗಲಿಲ್ಲ. ಒಬ್ಬಾಕೆ ‘ಹೌದೇನ್ರೀ? ಇನ್ನೂ ಅವೇನು?’ ಎಂದು ಕೇಳಿದರು. ನಗುತ್ತಾರೆಂದು ಅತ್ತೆ ಹೆದರಿದ ಮಂದಿಯೇ ಅವರು.

ಹಾಗೆಂದು ಹಂಬಲವಿದ್ದವರೆಲ್ಲ ಮನೆ ಬಿಡಬೇಕೆಂಬ ಅರ್ಥ ಇದಕ್ಕಿಲ್ಲ. ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಒಂದು ಮಾತು ಯಾವಾಗಲೂ ಸಿದ್ಧವಾಗಿರುತ್ತದೆ: ಅಕ್ಕಮಹಾದೇವಿಯ ಹಾಗೆ ಎಲ್ಲಾ ಬಿಟ್ಟು ಹೋಗಲು ನಮ್ಮಿಂದ ಆದೀತೇ? ಆಗಲಿಕ್ಕಿಲ್ಲ. ಆದರೆ ಅಕ್ಕನನ್ನು ಅಷ್ಟು ಎತ್ತರದಲ್ಲಿಟ್ಟು ಕೈಮುಗಿಯುವುದರಲ್ಲಿ ನಮ್ಮದೊಂದು ಅನುಕೂಲವೂ ಇದೆ. ಅವಳಂತೆ ಆಗಲಾರೆವೆಂದ ಮೇಲೆ ಏನನ್ನೂ ಮಾಡಬೇಕಾಗಿಲ್ಲವಲ್ಲ! ಹರಪನಹಳ್ಳಿ ಭೀಮವ್ವ ಈ ನೆಪಕ್ಕೆ ಒಳ್ಳೆಯ ಉತ್ತರ. 19ನೇ ಶತಮಾನದ ಆ ಹೆಂಗಸು ಎಲ್ಲರಂತೆ ಎಳವೆಯಲ್ಲೇ ಮದುವೆಯಾದವಳು, ವೈಧವ್ಯವನ್ನು ಕಂಡವಳು, ಸಂಸಾರದ ಕಷ್ಟಸುಖಗಳ ಒಳಗೇ ಇದ್ದು ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡಿದವಳು. ಹಬ್ಬ, ಮದುವೆ, ಆರತಿ, ಅಂದರೆ ಹೆಂಗಸರಿಗೆ ಬಾಯಿ ತೆರೆಯಲು ಸಮಾಜ ಬಿಟ್ಟುಕೊಟ್ಟ ಹೊತ್ತುಗಳನ್ನೇ ಆಕೆ ತನ್ನ ಕಾವ್ಯದ ಹೊತ್ತನ್ನಾಗಿ ಮಾಡಿಕೊಂಡಳು. ಗಿರಿಯಮ್ಮ ಹೊಸ್ತಿಲು ದಾಟಿದಳು, ಭೀಮವ್ವ ಹೊಸ್ತಿಲೊಳಗೇ ಉಳಿದಳು. ಇಬ್ಬರೂ ಬರೆದರು. ಆದ್ದರಿಂದ ಪ್ರಶ್ನೆ ಹೊಸ್ತಿಲಿನದಲ್ಲ.

ವಯಸ್ಸಿನದೂ ಅಲ್ಲ. ಹೆಸರಾಂತ ಪಂಡಿತರು ತಮ್ಮ ಸಂಸ್ಕೃತವನ್ನು ಬದಿಗಿಟ್ಟು ಕನ್ನಡದ ಷಟ್ಪದಿಗೆ ಕೈ ಹಾಕಿದ ಊರು ಮಾನವಿ. ಅದರ ಹತ್ತಿರದಲ್ಲೇ ಇದ್ದುಕೊಂಡು ನಾವು, ನಲವತ್ತು ದಾಟುವ ಮೊದಲೇ, ‘ಇನ್ನೇನು ಕಲೀತೀವಿ ಬಿಡ್ರೀ’ ಎನ್ನುತ್ತೇವೆ. ಇದೇ ರಾಯಚೂರಿನಲ್ಲಿ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು, ಎಚ್.ಎಸ್. ಮುಕ್ತಾಯಕ್ಕ ಹೆಣ್ಣಿನ ದನಿಯಲ್ಲಿ ಗಜಲ್ ಬರೆದರು. ಗಂಡಸರ ಮೆಹಫಿಲಿನದೆಂದು ತಿಳಿದಿದ್ದ ಪ್ರಕಾರಕ್ಕೆ ಒಬ್ಬ ಹೆಣ್ಣುಮಗಳು ‘ನಾನು’ ಎಂದು ಪ್ರವೇಶಿಸಿದ್ದೂ ವಿಷಯೆ ಮಾಡಿದ ತಿದ್ದುಪಡಿಯ ಜಾತಿಯದೇ.

ವಿಮರ್ಶೆ ಮಾಡುವವರು ಇನ್ನು ಮುಂದೆಯಾದರೂ ದಾಸ ಸಾಹಿತ್ಯದ ಮಹಿಳೆಯರನ್ನು ‘ಭಕ್ತೆಯರು’ ಎಂಬ ಒಂದೇ ಕಪಾಟಿನಲ್ಲಿ ಇಟ್ಟು ಕದ ಹಾಕಬಾರದು. ಅವರು ಯಾವ ಕಥೆಯನ್ನು ಆರಿಸಿಕೊಂಡರು, ಯಾವುದನ್ನು ಬಿಟ್ಟರು, ಎಲ್ಲಿ ತಮ್ಮ ಅಕ್ಷರ ಸೇರಿಸಿದರು ಎಂದು ಓದಬೇಕು. ಗುರು ಕೊಟ್ಟ 40 ವರ್ಷಗಳ ಬಗ್ಗೆ ಬರೆಯುವಾಗ, ಹೆಂಗಸರು ದಿನಕ್ಕೆ 40 ನಿಮಿಷವನ್ನು ಎಲ್ಲಿಂದ ಕದ್ದು ತಂದರು ಎಂಬುದನ್ನೂ ಬರೆಯಬೇಕು.

ಓದುವ ಸೋದರಿಯರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮನೆಯ ಹಾಡಿನ ಪುಸ್ತಕಗಳ ಕೊನೆಯ ಹಾಳೆಗಳನ್ನು ಒಮ್ಮೆ ತಿರುವಿ ನೋಡಿ. ಅಂಕಿತವಿಲ್ಲದ ಹಾಡು ಸಿಕ್ಕರೆ ಬರೆದವರನ್ನು ಹುಡುಕಿ, ಬದುಕಿದ್ದರೆ ಅವರಿಂದಲೇ ಹಾಡಿಸಿ. ನೀವೇ ಬರೆದು ಮುಚ್ಚಿಟ್ಟದ್ದಿದ್ದರೆ ಕೆಳಗೆ ನಿಮ್ಮ ಹೆಸರು ಬರೆಯಿರಿ. ಅಪ್ಪಣೆಗೆ ಕಾಯಬೇಡಿ, ಕಾಡಿಗೆ ಡಬ್ಬಿ ನಿಮ್ಮ ಮನೆಯಲ್ಲೇ ಇದೆ.

ನಮ್ಮ ಅತ್ತೆಗೆ ಈಗ ಎಂಬತ್ತು ದಾಟಿದೆ. ಮಾನವಿಯ ಮದುವೆಯ ಸುದ್ದಿ ಹೇಳಿದಾಗ ಅವರು ನಕ್ಕರು, ಇನ್ನೊಮ್ಮೆ ಹೇಳು ಎಂದು ಎರಡು ಸಲ ಕೇಳಿಸಿಕೊಂಡರು. ಆದರೂ ಹೆಸರು ಅಚ್ಚಾಗುವುದು ಬ್ಯಾಡವೇ ಬ್ಯಾಡ ಎನ್ನುತ್ತಾರೆ. ಅದಕ್ಕೇ ಇಲ್ಲಿ ಬರೆದಿಲ್ಲ. ನೋಟುಬುಕ್ಕನ್ನು ಮಾತ್ರ ನನಗೆ ಕೊಟ್ಟಿದ್ದಾರೆ, ಕೊನೆಯ ಹಾಡಿನ ಕೆಳಗೆ ಎರಡು ಗೆರೆಯಷ್ಟು ಜಾಗ ಖಾಲಿ ಇದೆ.